ನಾನೂರು ಹೆಜ್ಜೆ

"ಬೇರೆಲ್ಲ ನಿನ್ನಿಷ್ಟ. ಆದ್ರೆ ಯಾರಾದ್ರೂ ತೊಟ್ಟ ಬಟ್ಟೇನ ಮಾತ್ರ ಈ ಕೋವಿಗೆ ಹಾಕ್ಬೇಡ."

ಕೋವಿ ರಿಪೇರಿಯ ಮುದುಕ ಇಷ್ಟು ಹೇಳಿ, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಬಾಗಿಲ ಕಡೆ ನೋಡಿದ. ಕೋವಿ ಕೊಳ್ಳಲು ಬಂದಿದ್ದ ಕನ್ನಡಕದಂಗಡಿಯವನಿಗೆ ನಗು ತಡೆಯಲಾಗಲಿಲ್ಲ. ಹೊಸ ರೈಫಲ್ಲುಗಳ ಗುರಿ ಪಂದ್ಯದಲ್ಲಿ ಬಹುಮಾನ ಗೆದ್ದವನು ಆತ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೋವಿಯಲ್ಲಿ ದೂರದ ಗುರಿ ಕಲಿಯಬೇಕೆಂಬ ಹುಚ್ಚು ಈಚೆಗೆ ಹತ್ತಿತ್ತು.

"ಹಾಕಿದ್ರೆ ಏನಾಗುತ್ತೆ ಅಜ್ಜ?"

"ಇದನ್ನ ಮಾಡಿದವನು ಮನೆ ಮಠ ಬಿಟ್ಟು ಗುರಿ ಹೊಡೆಯೋ ಮೈದಾನದಲ್ಲೇ ಬಿದ್ದಿರ್ತಿದ್ದ. ಅವನ ಹೆಂಡ್ತಿ ತನ್ನ ಕೂದಲನ್ನ ಇದರ ಮರದ ಹಿಡಿಯೊಳಗೆ ಹುದುಗಿಸಿ ಮಾಟ ಮಾಡಿದ್ಲು. 'ದೂರಾನೇ ಬೇಕಲ್ಲ ನಿಂಗೆ, ತಗೋ' ಅಂದ್ಲಂತೆ."

"ಕತೆ ಚೆನ್ನಾಗಿದೆ. ಹೆದರೋಕೆ ನಾನೇನು ಮಗುವಾ?" ಎಂದು ಅವನು ಕೋವಿ ಹೆಗಲಿಗೇರಿಸಿ ಹೊರಟೇಬಿಟ್ಟ. ಒಳ್ಳೆ ಮಾತು ಕೇಳುವ ಆಸಾಮಿಯೇ ಅಲ್ಲ.

ಮೈದಾನದ ಆಚೆ ತುದಿಗೆ, ನಾನೂರು ಹೆಜ್ಜೆ ದೂರದಲ್ಲಿ ಕಬ್ಬಿಣದ ತಟ್ಟೆಯೊಂದು ತೂಗುತ್ತಿತ್ತು. ಮದ್ದು ಅಳೆದು ಸುರಿಯಬೇಕು. ಸೀಸದ ಗುಂಡಿಗೆ ಎಣ್ಣೆ ಸವರಿದ ಬಟ್ಟೆಚೂರು ಸುತ್ತಿ, ಉದ್ದನೆಯ ಕಡ್ಡಿಯಿಂದ ನಳಿಗೆಯ ತಳಕ್ಕೆ ದೂಡಬೇಕು. ಗಾಳಿ ನೋಡಿ, ಅರ್ಧ ಉಸಿರು ಬಿಟ್ಟು ಹಿಡಿಯಬೇಕು. ಗುಂಡು ತಾಗಿದರೆ ಎರಡು ಎಣಿಸಿದ ಮೇಲೆ 'ಠಣ್' ಎಂಬ ಸದ್ದು ತೇಲಿ ಬರುತ್ತದೆ. ಮೂರು ತಿಂಗಳಾದರೂ ಅವನಿಗೆ ದಕ್ಕಿದ್ದು ಬರೀ ಹೊಗೆ, ಗಂಧಕದ ಕೊಳೆತ ನಾತ. ಹೊಸ ಬಟ್ಟೆ ಗಡುಸು. ಅದು ನಳಿಗೆಯೊಳಗೇ ಹರಿದು ಗುಂಡಿನ ದಾರಿ ತಪ್ಪಿಸುತ್ತಿತ್ತು. ನೂರು ಸಲ ಒಗೆದು ಮೆತ್ತಗಾದ ಬಟ್ಟೆ ಬೇಕಿತ್ತು.

ಅವನ ಒದ್ದಾಟ ನೋಡಲಾರದೆ ಹೆಂಡತಿಯೇ ತನ್ನ ಹಳೆಯ ನೀಲಿ ನಿಲುವಂಗಿಯನ್ನು ಕೈಗಿಟ್ಟಳು.

"ತಗೊಳ್ರಿ. ರಜಾ ದಿನಾನೂ ಮನೇಲಿರಲ್ಲ ನೀವು. ಹೀಗಾದ್ರೂ ನಾನು ಒಂಚೂರು ಜೊತೇಲಿ ಬಂದ ಹಾಗಾಗುತ್ತೆ."

ಅಯ್ಯೋ, ಆಗಲಾದರೂ ಮುದುಕನ ಮಾತು ನೆನಪಾಗಬಾರದಿತ್ತೇ! ನೆನಪಾಯಿತು. ನಕ್ಕು, ಕತ್ತರಿ ತೆಗೆದುಕೊಂಡ.

ಮೊದಲ ಗುಂಡೇ ತಾಗಿತು. ಒಂದು, ಎರಡು, ಠಣ್. ಅವನು ಮಗುವಿನ ಹಾಗೆ ಕುಣಿದ.

ಅಂದು ಸಂಜೆ ಮೇಜಿನೆದುರು ಕೂತು ಅವಳು "ರೀ, ಸಕ್ಕರೆ ಸಾಕಾ?" ಎಂದು ಕೇಳಿದಳು. ತುಟಿ ಮೊದಲು ಆಡಿತು, ಮಾತು ಆಮೇಲೆ ಬಂತು. ನಿದ್ದೆಗೆಟ್ಟಿದ್ದೇನೆ ಅಂದುಕೊಂಡು ಟೀ ಕುಡಿದ.

ಇಪ್ಪತ್ತು ಗುಂಡು ಹೊಡೆದ. ಇಪ್ಪತ್ತೂ ತಾಗಿದವು. ದಿಂಬಿನಿಂದ ಅವಳ ತಲೆಯೆಣ್ಣೆಯ ವಾಸನೆ ಹೋಯಿತು. ಪಕ್ಕದ ಕೋಣೆಯಿಂದ ಕರೆದರೆ ಬಯಲಾಚೆಯಿಂದ ಕೂಗಿದ ಹಾಗೆ ಕೇಳುತ್ತಿತ್ತು. ಒಂದು ಬೆಳಿಗ್ಗೆ ಅವಳ ಕೆನ್ನೆ ಮುಟ್ಟಲು ಕೈ ಚಾಚಿದ. ಸಿಗಲಿಲ್ಲ. ಹೆಜ್ಜೆಯಿಟ್ಟ. ಸಿಗಲಿಲ್ಲ. ಓಡಿದ. ಮೇಜು ಅಲ್ಲೇ ಇತ್ತು, ಗೋಡೆ ಅಲ್ಲೇ ಇತ್ತು. ಅವಳೊಬ್ಬಳು ಮಾತ್ರ ಹೆಬ್ಬೆರಳಿನಷ್ಟಾಗಿ ದೂರದಲ್ಲಿ ನಿಂತಿದ್ದಳು. ಗುರಿ ನೋಡುವ ದುರ್ಬೀನು ತಂದು ಹಿಡಿದ. ಅವಳು ಅಳುತ್ತಿದ್ದಳು. ತುಟಿ ಅಲುಗಿತು. ಅವನು ಕಾದ.

"ರೀ... ಎಲ್ಲಿದ್ದೀರಿ?"

ಎದೆ ಒಡೆದುಹೋಯಿತು ಅವನಿಗೆ. ಮುದುಕನ ಕಾಲು ಹಿಡಿದ.

"ಬಟ್ಟೆ ಹೋದಷ್ಟು ದೂರ ತೊಟ್ಟವಳೂ ಹೋದ್ಲು. ಹೋದವಳನ್ನ ವಾಪಸ್ ತರೋಕಾಗಲ್ಲ ಕಣಪ್ಪ," ಎಂದ ಮುದುಕ.

"ಹಾಗಾದ್ರೆ ನಾನೇ ಅಲ್ಲಿಗೆ ಹೋಗ್ತೀನಿ. ನನ್ನ ಅಂಗೀನೇ ಸುತ್ತಿ ಹೊಡೀತೀನಿ."

ಮುದುಕ ಅವನನ್ನು ಹಿಡಿದೆತ್ತಿದ. "ಅದೇ ತಟ್ಟೆಗೆ ತಾಗಿದ್ರೆ ಅವಳ ಪಕ್ಕದಲ್ಲಿರ್ತೀಯ. ಆದ್ರೆ ತನ್ನನ್ನ ತಾನು ಕಳಿಸ್ಕೊಳ್ಳೋಕೆ ಒಂದೇ ಗುಂಡು. ಎರಡನೇದಿಲ್ಲ. ತಪ್ಪಿದ್ರೆ ಬೇರೆಲ್ಲೋ ದೂರ ಹೋಗಿ ಬೀಳ್ತೀಯ."

"ಇಪ್ಪತ್ತಕ್ಕೆ ಇಪ್ಪತ್ತು ಹೊಡೆದಿದ್ದೀನಿ ಅಜ್ಜ."

ಸುಡು ಮಧ್ಯಾಹ್ನ. ಗಾಳಿಯಿಲ್ಲ. ಮದ್ದು ಸುರಿದ. ತೊಟ್ಟ ಅಂಗಿಯ ತುದಿ ಕತ್ತರಿಸಿದ. ಬೆವರು ನಾರುವ ಚೂರು. ಗುಂಡು ಸುತ್ತಿದ. ದೂಡಿದ. ಕೆನ್ನೆ ಹಿಡಿಗೆ ತಾಗಿಸಿದ. ಮರದೊಳಗಿಂದ ಹೆಣ್ಣೊಬ್ಬಳ ಬಿಕ್ಕು ಕೇಳಿದಂತಾಯಿತು. ಅರ್ಧ ಉಸಿರು ಬಿಟ್ಟ. ತಟ್ಟೆ ಕಂಡಿತು. ಸ್ಪಷ್ಟವಾಗಿ ಕಂಡಿತು. ಒಂಚೂರು ಜೊತೇಲಿ ಬಂದ ಹಾಗಾಗುತ್ತೆ ಅಂದಿದ್ದಳಲ್ಲ. ಕಣ್ಣು ತುಂಬಿತು. ತಟ್ಟೆ ಎರಡಾಯಿತು. ಬೆರಳು ಆಗಲೇ ಎಳೆದಿತ್ತು.

ಹೊಗೆ. ಒಂದು. ಎರಡು. ಮೂರು. ನಾಲ್ಕು.

ಎಷ್ಟು ಎಣಿಸಿದರೂ ಸದ್ದು ಬರಲಿಲ್ಲ.

ವಾರದ ಮೇಲೆ ಮುದುಕ ಆ ಮನೆಗೆ ಹೋದ. ಗಂಡ ಹೆಂಡತಿ ಒಂದೇ ಮೇಜಿನ ಆಚೆ ಈಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತಿದ್ದರು. ಅವಳು ದುರ್ಬೀನು ಹಿಡಿದು ಕಿಟಕಿಯಾಚೆ ಅವನನ್ನು ಹುಡುಕುತ್ತಿದ್ದಳು. ಅವನು ಬಾಗಿಲ ಕಡೆ ಕಣ್ಣು ಕಿರಿದು ಮಾಡಿ ಅವಳನ್ನು ಹುಡುಕುತ್ತಿದ್ದ.

"ರೀ, ಸಕ್ಕರೆ ಸಾಕಾ?" ಎಂದು ಅವಳು ಕೇಳಿದಳು.

ಮುದುಕ ಕಾದು ನಿಂತ. ಟೀ ಆರಿ ಕೆನೆಗಟ್ಟಿದ ಮೇಲೆ ಗಂಡ ಕತ್ತೆತ್ತಿ, "ಸಾಕು ಕಣೇ," ಎಂದ. ಅಷ್ಟರಲ್ಲಿ ಅವಳು ಲೋಟ ತೊಳೆಯಲು ಎದ್ದುಹೋಗಿದ್ದಳು.