ಬೀರುವಿನ ಕೆಳಗಿನ ಜಾಗ

ನಮ್ಮದು ಒಂದೇ ಕೋಣೆಯ ಮನೆ. ಕಾಲಿಟ್ಟಲ್ಲೆಲ್ಲ ಬೆಕ್ಕಿನ ಆಟಿಕೆ. ನಾನು ದರ್ಜಿ, ಚಿಂದಿ ತುಂಬಿ ಕೈಯಲ್ಲೇ ಹೊಲಿದ ಚೆಂಡುಗಳು ಅವು. ಒಂದು ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ ಬೀರುವಿನ ಕೆಳಗಿನ ಹಳೆ ಚಪ್ಪಲಿಗಳನ್ನು ತೆಗೆದು ಅಲ್ಲಿ ಚೆಂಡುಗಳಿಗೆ ಜಾಗ ಮಾಡಿದೆವು.

ಬೆಕ್ಕು ಒಂದು ಚೆಂಡನ್ನು ಒಳಕ್ಕೆ ತಳ್ಳಿತು. ಅದು ಉರುಳಿಕೊಂಡು ವಾಪಸ್ ಬಂತು. ಮತ್ತೆ ತಳ್ಳಿತು, ಮತ್ತೆ ಬಂತು.

“ನೆಲ ವಾಟ ಇದೆ ಕಣೇ,” ಎಂದೆ.

“ಇರ್ಲಿ ಬಿಡ್ರೀ, ನಾವು ಕೆಲ್ಸಕ್ಕೆ ಹೋದಾಗ ಇದಕ್ಕೂ ಒಂದು ಜೊತೆ ಆಯ್ತು!” ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ನಾನೂ ನಗುತ್ತಲೇ ಬೆಕ್ಕನ್ನೆತ್ತಿ ಮಡಿಲಲ್ಲಿ ಕೂರಿಸಿಕೊಂಡೆ. ಆಗ ಬೀರುವಿನ ಕೆಳಗಿಂದ ಇನ್ನೊಂದು ಚೆಂಡು ತಾನಾಗಿ ಉರುಳಿ ಬಂತು. ಮುಟ್ಟಿದರೆ ಬೆಚ್ಚಗಿತ್ತು. ಬೆಕ್ಕಿಗಂತೂ ಖುಷಿಯೋ ಖುಷಿ. ನನ್ನ ಹೊಲಿಗೆ ಬಲಕ್ಕೆ ವಾಲುತ್ತದೆ. ಇದರದ್ದು ಎಡಕ್ಕೆ ವಾಲಿತ್ತು.

ನಮ್ಮ ಮನೆಯಲ್ಲಿ ಎಡಗೈಯಲ್ಲಿ ಹೊಲಿಯುವವರು ಯಾರೂ ಇಲ್ಲ.