ಅಕ್ಕನ ಬ್ಲಾಗೂ ಅರವತ್ತೊಂದು ಪ್ರಶ್ನೆಗಳೂ

“ಬೇಗ ಬೇಗ! ಬ್ಯಾಗಿನ ಚಿತ್ರದ ಮೇಲೆ ಒಂದು ಕ್ಲಿಕ್, ಸೋಪಿನ ಚಿತ್ರದ ಮೇಲೆ ಒಂದು ಕ್ಲಿಕ್. ಆಮೇಲೆ ಹಿಂದಕ್ಕೆ ಬಂದು ಮತ್ತೆ ಅದನ್ನೇ ಮಾಡಿ!”

ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಬಾಬಿನ್ ಸಾಲಿನಿಂದ ಸಾಲಿಗೆ ಓಡಾಡುತ್ತ ಪಿಸುಗುಟ್ಟುತ್ತಿದ್ದಳು. ಕಂಪ್ಯೂಟರ್ ಮಿಸ್ ಪ್ರಿಂಟರಿಗೆ ಕಾಗದ ತರಲು ಆಫೀಸಿಗೆ ಹೋಗಿದ್ದರು. ಹದಿನಾರು ಕಂಪ್ಯೂಟರ್, ಒಂದೊಂದರ ಮುಂದೆ ಇಬ್ಬಿಬ್ಬರು. ಹದಿನಾರು ಪರದೆಗಳ ಮೇಲೂ ಒಂದೇ ಪುಟ: ಬಾಬಿನ್‌ಳ ಅಕ್ಕನ ಬ್ಲಾಗ್.

“ಇಲ್ಲಿ ಏನೇನೋ ಬರೆದಿದೆಯಲ್ಲೇ, ಓದ್ಬೇಕಾ?” ಉದ್ದ ಜಡೆಯ ಗೆಳತಿ ಕೇಳಿದಳು.

“ಓದೋಕೆಲ್ಲ ಟೈಮಿಲ್ಲ. ಜಾಹೀರಾತು ಒತ್ತು ಸಾಕು.”

“ಒತ್ತಿದ್ರೆ ನಂಗೇನ್ ಕೊಡ್ತೀಯಾ?” ಎಂದ ಕೊನೆಯ ಬೆಂಚಿನ ಕನ್ನಡಕದ ಹುಡುಗ.

“ಪುಣ್ಯ ಬರುತ್ತೆ. ಮಾಡೋ ಸುಮ್ನೆ!”

ಟಕ್ ಟಕ್ ಟಕ್. ಕೋಣೆಯ ತುಂಬ ಕ್ಲಿಕ್ಕಿನ ಸದ್ದು. ಮಿಸ್ ಅವರ ಚಪ್ಪಲಿಯ ಸಪ್ಪಳ ಕೇಳಿದ್ದೇ ತಡ, ಹದಿನಾರು ಪರದೆಗಳೂ ಪಾಠದ ಪುಟಕ್ಕೆ ಮರಳಿದವು.

ಬಾಬಿನ್ ಎನ್ನುವುದು ಅವಳ ಅಪ್ಪ ಇಟ್ಟ ಹೆಸರು. ಅಪ್ಪ ಹೊಲಿಗೆ ಮೆಷಿನ್ ರಿಪೇರಿ ಮಾಡುವವರು. ಮೆಷಿನ್ನಿನ ಕೆಳಗೆ ನೂಲು ಸುತ್ತಿಕೊಂಡು ಗಿರಗಿರ ತಿರುಗುವ ಪುಟ್ಟ ಉರುಳೆಗೆ ಬಾಬಿನ್ ಎನ್ನುತ್ತಾರೆ. ಕಿರಿಮಗಳೂ ಅಷ್ಟೇ, ಗಿಡ್ಡಗೆ ದುಂಡಗೆ ಇದ್ದು ಒಂದು ಕಡೆ ನಿಂತವಳಲ್ಲ.

ಅಂದು ಅವಳು ಮನೆಗೆ ಹಾರುತ್ತಲೇ ಹೋದಳು. ಮೂವತ್ತೆರಡು ಜನ, ತಲೆಗೆ ಹತ್ತು ಕ್ಲಿಕ್ ಅಂದರೂ ಮುನ್ನೂರ ಇಪ್ಪತ್ತು! ಯಾರಾದರೂ ಜಾಹೀರಾತು ಒತ್ತಿದರೆ ಬ್ಲಾಗಿಗೆ ಚಿಲ್ಲರೆ ಕಾಸು ಬರುತ್ತದೆ ಎಂದು ಅಕ್ಕನೇ ಹೇಳಿದ್ದಳು. ಹನಿಹನಿಗೂಡಿದರೆ ಹಳ್ಳ.

ಆ ಹಳ್ಳ ತುಂಬಲೇಬೇಕಿತ್ತು. ಅಕ್ಕ ಕಾಲೇಜು ಮುಗಿಸಿ ಎಂಟು ತಿಂಗಳಾಗಿತ್ತು. ಎಂಟು ತಿಂಗಳೂ ಬ್ಲಾಗ್ ಬರೆದಿದ್ದಳು. ಮೊನ್ನೆ ಊಟದ ಹೊತ್ತಿನಲ್ಲಿ ಅಪ್ಪ ಮಾತು ತೆಗೆದಿದ್ದರು.

“ಔಷಧಿ ಅಂಗಡಿಯವರು ಕೌಂಟರಿಗೆ ಹುಡುಗಿ ಬೇಕು ಅಂತಿದಾರಮ್ಮಾ. ಈ ತಿಂಗಳ ಕೊನೆವರೆಗೂ ನೋಡೋಣ. ನಿನ್ನ ಬ್ಲಾಗು ನಿನ್ನ ಬಸ್ ಚಾರ್ಜಾದ್ರೂ ದುಡಿದ್ರೆ ಇಟ್ಕೋ. ಇಲ್ಲಾಂದ್ರೆ ಅದನ್ನ ಮುಚ್ಚಿ ಕೆಲಸಕ್ಕೆ ಸೇರ್ಕೋ.”

“ಮುಚ್ಚೋದಾ?” ಅಕ್ಕನ ತುತ್ತು ಕೈಯಲ್ಲೇ ಉಳಿಯಿತು.

“ಮತ್ತೇನು? ಸಮುದ್ರ ನೋಡದೋಳು ಸಮುದ್ರದ ಬಗ್ಗೆ ಬರೀತೀಯ. ಓದೋರೇನು ಮೀನುಗಳಾ?”

ಅಮ್ಮ ಹುಬ್ಬು ಗಂಟಿಕ್ಕಿದ್ದಕ್ಕೆ ಅಪ್ಪ ಸುಮ್ಮನಾದರು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

*

ಎರಡು ದಿನ ಕಳೆದು ಬಾಬಿನ್ ಶಾಲೆಯಿಂದ ಬಂದಾಗ ಅಕ್ಕ ಲ್ಯಾಪ್‌ಟಾಪ್ ಮುಂದೆ ತಲೆ ಹಿಡಿದು ಕೂತಿದ್ದಳು. ಕಣ್ಣು ಕೆಂಪಾಗಿತ್ತು.

“ಏನಾಯ್ತಕ್ಕಾ?”

“ಜಾಹೀರಾತು ಕಂಪನಿಯಿಂದ ಮೇಲ್ ಬಂದಿದೆ. ನನ್ನ ಪುಟದಲ್ಲಿ ಸುಳ್ಳು ಕ್ಲಿಕ್ ಆಗಿವೆಯಂತೆ. ಒಂದೇ ಜಾಗದಿಂದ, ಹತ್ತು ನಿಮಿಷದಲ್ಲಿ ಮುನ್ನೂರು ಚಿಲ್ಲರೆ! ಜಾಹೀರಾತೆಲ್ಲ ತೆಗೆದುಬಿಟ್ಟಿದಾರೆ. ನಾನೇನು ತಪ್ಪು ಮಾಡ್ದೆ ಅಂತಾನೇ ಗೊತ್ತಾಗ್ತಿಲ್ಲ.”

ಬಾಬಿನ್ ಶಾಲೆಯ ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು. ಬಚ್ಚಲಿಗೆ ಹೋಗಿ ಕೈಕಾಲು ತೊಳೆದಳು. ತೊಳೆದ ಕಾಲನ್ನೇ ಮತ್ತೆ ತೊಳೆದಳು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಅಕ್ಕ ತಾನೇ ತಪ್ಪು ಮಾಡಿದೆನೆಂದು ಕಂಪನಿಯ ನಿಯಮಗಳನ್ನು ಮೊದಲಿನಿಂದ ಓದುತ್ತ ಕೂತಿದ್ದಳು. ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟುಕೊಂಡು.

ಒದ್ದೆ ಕಾಲಲ್ಲೇ ಬಾಬಿನ್ ಬಂದು ನಿಂತಳು.

“ಅಕ್ಕಾ, ನಾನು. ನಾನೇ ಮಾಡ್ಸಿದ್ದು. ಕ್ಲಾಸಲ್ಲಿ. ನಿಂಗೆ ದುಡ್ಡು ಬರ್ಲಿ ಅಂತ.”

ಅಕ್ಕ ಎದ್ದು ನಿಂತಳು. ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದು ಬಾಬಿನ್ ಕಣ್ಣು ಮುಚ್ಚಿಕೊಂಡಳು. ಅಕ್ಕ ಕೇಳಿದ್ದು ಬೇರೆಯದೇ ಪ್ರಶ್ನೆ.

“ಮೂವತ್ತೆರಡು ಜನ ನನ್ನ ಬ್ಲಾಗ್ ತೆಗೆದ್ರಾ?”

“ಹೂಂ.”

“ಒಬ್ರಾದ್ರೂ ಒಂದು ಸಾಲು ಓದಿದ್ರಾ?”

ಬಾಬಿನ್ ಇಲ್ಲವೆಂದು ತಲೆಯಾಡಿಸಿದಳು. ಅಕ್ಕ ಲ್ಯಾಪ್‌ಟಾಪ್ ಮುಚ್ಚಿ ಮಾಳಿಗೆಗೆ ಹೋದಳು.

ಮರುದಿನ ಬೆಳಗ್ಗೆ ಬಾಬಿನ್ ನೋಟ್‌ಬುಕ್ಕಿನ ಹಾಳೆಯಲ್ಲಿ ಕಂಪನಿಗೆ ಪತ್ರ ಬರೆದಳು. ‘ತಪ್ಪು ನಮ್ಮಕ್ಕನದಲ್ಲ, ನನ್ನದು. ನಾನು ಐದನೇ ಕ್ಲಾಸು. ಇನ್ನೊಮ್ಮೆ ಮಾಡುವುದಿಲ್ಲ.’ ಅಕ್ಕ ಮುಖ ಊದಿಸಿಕೊಂಡೇ ಅದನ್ನು ಟೈಪ್ ಮಾಡಿ ಕಳಿಸಿದಳು. ಸಂಜೆಗೆ ಉತ್ತರ ಬಂತು: ಪರಿಶೀಲಿಸಲು ಕನಿಷ್ಠ ಒಂದು ತಿಂಗಳು ಬೇಕು.

ತಿಂಗಳ ಕೊನೆಗೆ ಉಳಿದಿದ್ದುದು ಹದಿಮೂರು ದಿನ.

‘ಸರಿ. ಯಾರೂ ಓದಿಲ್ಲ ತಾನೇ? ನಾನು ಓದ್ತೀನಿ’ ಎಂದುಕೊಂಡಳು ಬಾಬಿನ್.

*

ಬ್ಲಾಗಿನಲ್ಲಿ ತೊಂಬತ್ತು ಬರಹಗಳಿದ್ದವು. ಹೋಂವರ್ಕ್ ಮುಗಿಸಿ, ಅಮ್ಮನ ಫೋನ್ ಹಿಡಿದು, ಮೊದಲಿನಿಂದ ಶುರು ಮಾಡಿದಳು. ‘ಮುಖಕ್ಕೆ ಹೊಳಪು ಕೊಡುವ ಹತ್ತು ಉಪಾಯ.’ ಇದನ್ನು ಬರೆದಾಗ ಅಕ್ಕನ ಮೂಗಿನ ಮೇಲೇ ದೊಡ್ಡ ಮೊಡವೆ ಇತ್ತು. ‘ಕಡಲ ತೀರದಲ್ಲಿ ಒಂದು ಸಂಜೆ.’ ‘ಹೊಸ ಫೋನ್ ಕೊಳ್ಳುವ ಮುನ್ನ.’ ‘ಸಂತೋಷವಾಗಿರುವುದು ಹೇಗೆ?’ ಇದನ್ನು ಓದುತ್ತಿದ್ದಾಗ ಬಾಬಿನ್‌ಗೆ ಆಕಳಿಕೆ ಬಂತು. ಅಕ್ಕ ಕೆಟ್ಟದಾಗಿ ಬರೆದಿರಲಿಲ್ಲ. ಆದರೆ ಓದುವಾಗ ಅಕ್ಕನ ದನಿ ಕೇಳಿಸುತ್ತಲೇ ಇರಲಿಲ್ಲ. ಯಾರು ಬೇಕಾದರೂ ಬರೆದಿರಬಹುದಿತ್ತು.

ಪ್ರತಿ ಬರಹದ ಕೆಳಗೂ ಓದಿದವರು ಏನಾದರೂ ಬರೆಯಲು ಜಾಗವಿತ್ತು. ಓದುತ್ತ ಹೋದಂತೆ ಎಲ್ಲ ಕಡೆ ಸೊನ್ನೆ. ಒಂದು ಕಡೆ ಮಾತ್ರ ‘ಸೂಪರ್’ ಎಂದಿತ್ತು. ಬರೆದವಳು ಅಮ್ಮ.

ಮೂರನೆಯ ಸಂಜೆ ಐವತ್ತೇಳನೆಯ ಬರಹಕ್ಕೆ ಬಂದಾಗ ಬಾಬಿನ್ ಫೋನನ್ನು ಮೂಗಿನ ಹತ್ತಿರ ತಂದುಕೊಂಡಳು. ‘ಹೊಲಿಗೆ ಮೆಷಿನ್ನಿನಲ್ಲಿ ನೂಲು ಪದೇಪದೇ ಕಡಿಯುತ್ತಿದೆಯೇ?’ ಅದರ ಕೆಳಗೆ ಅರವತ್ತೊಂದು ಪ್ರಶ್ನೆಗಳು!

ಒಬ್ಬರು ಕೇಳಿದ್ದರು: ‘ಬಟ್ಟೆಯ ಕೆಳಗೆ ನೂಲು ಗಂಟುಗಂಟಾಗುತ್ತಿದೆ, ಏನು ಮಾಡಲಿ?’ ಇನ್ನೊಬ್ಬರು: ‘ಮೆಷಿನ್ ಗುಡುಗುತ್ತಿದೆ.’ ಮತ್ತೊಬ್ಬರು: ‘ನಾಳೆ ಮಗಳ ಯೂನಿಫಾರ್ಮ್ ಬೇಕು. ದಯವಿಟ್ಟು ಯಾರಾದರೂ ಹೇಳಿ.’ ಆ ನಾಳೆ ಕಳೆದು ಎರಡು ತಿಂಗಳಾಗಿತ್ತು. ಯಾರೂ ಹೇಳಿರಲಿಲ್ಲ.

“ಅಕ್ಕಾ! ಅಕ್ಕಾ! ಇದನ್ನ ನೋಡಿದೀಯಾ?”

ಅಕ್ಕ ಬಂದು ನೋಡಿದಳು. “ಅಯ್ಯೋ, ಅದಾ? ಅವತ್ತು ಬರೆಯೋಕೆ ಏನೂ ಹೊಳೀಲಿಲ್ಲ. ಅಪ್ಪ ಯಾರೋ ಗಿರಾಕಿಗೆ ಹೇಳ್ತಿದ್ದಿದ್ದನ್ನ ಹಾಗೇ ಬರ್ದು ಹಾಕ್ದೆ. ಎಣ್ಣೆ ಜಿಡ್ಡಿನ ವಿಷ್ಯ ಯಾರಿಗೆ ಬೇಕು?”

“ಅರವತ್ತೊಂದು ಜನಕ್ಕೆ ಬೇಕಂತೆ. ನೀನು ನೋಡೇ ಇಲ್ವಾ?”

ಅಕ್ಕ ತುಟಿ ಕಚ್ಚಿಕೊಂಡಳು. “ದಿನಾ ಬೆಳಗ್ಗೆ ದುಡ್ಡು ಎಷ್ಟು ಬಂತು ಅಂತ ಆ ಪುಟ ಮಾತ್ರ ನೋಡ್ತಿದ್ದೆ ಕಣೇ.”

*

ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ಅಪ್ಪ ಒಂದು ಮೆಷಿನ್ನನ್ನು ಅಂಗಾತ ಮಲಗಿಸಿ ಅದರ ಹೊಟ್ಟೆಗೆ ಟಾರ್ಚ್ ಬಿಡುತ್ತಿದ್ದರು.

“ಅಪ್ಪಾ, ಇಲ್ಲೊಬ್ರು ಕೇಳ್ತಿದಾರೆ—”

“ಬ್ಲಾಗು ಗೀಗು ಅಂತ ಕೂರೋಕೆ ನಂಗೆ ಪುರುಸೊತ್ತಿಲ್ಲ ಮರಿ.”

ಬಾಬಿನ್ ಜಗ್ಗಲಿಲ್ಲ. ಸ್ಟೂಲ್ ಎಳೆದು ಕೂತು ಗಟ್ಟಿಯಾಗಿ ಓದಿದಳು. “ಬಟ್ಟೆ ಕೆಳಗೆ ನೂಲು ಗಂಟುಗಂಟಾಗುತ್ತಂತೆ. ಕೆಳಗಿನ ಬಾಬಿನ್ ಎರಡು ಸಲ ಬದಲಾಯಿಸಿದ್ರಂತೆ.”

“ಕೆಳಗೆ ಬದಲಾಯಿಸಿದ್ರೆ ಏನ್ ಬಂತು? ಗಂಟು ಕೆಳಗೆ ಕಂಡ್ರೆ ತಪ್ಪು ಮೇಲಿರುತ್ತೆ!” ಅಪ್ಪ ಮೆಷಿನ್ನಿನಿಂದ ತಲೆ ಎತ್ತಲೇ ಇಲ್ಲ. “ಬಟ್ಟೆ ಒತ್ತೋ ಪಾದ ಎತ್ತಿ, ಮೇಲಿನ ನೂಲು ಪೂರ್ತಿ ತೆಗೆದು ಮತ್ತೆ ಪೋಣಿಸ್ಬೇಕು. ಪಾದ ಕೆಳಗಿದ್ರೆ ನೂಲು, ಅದನ್ನ ಬಿಗಿ ಹಿಡಿಯೋ ಬಿಲ್ಲೆಗಳ ನಡುವೆ ಕೂರಲ್ಲ.”

ಬಾಬಿನ್ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. “ಇನ್ನೊಬ್ರು ಬೆಲ್ಟ್ ಜಾರುತ್ತೆ ಅಂತ ಕೇಳಿದಾರೆ. ಅವರಿಗೆ ಯಾರೋ ‘ಬೆಲ್ಟಿಗೆ ಎಣ್ಣೆ ಹಾಕಿ’ ಅಂತ ಹೇಳಿದಾರಂತೆ.”

ಅಪ್ಪ ಈಗ ನೆಟ್ಟಗೆ ಕೂತರು. “ಯಾರವನು? ಬೆಲ್ಟಿಗೆ ಎಣ್ಣೇನಾ! ಜಾರೋದಕ್ಕೆ ಎಣ್ಣೆ ಹಾಕಿದ್ರೆ ಇನ್ನೂ ಜಾರಲ್ವಾ? ತಿಳೀದಿದ್ರೆ ಸುಮ್ನಿರ್ಬೇಕಪ್ಪ! ಬರಿ, ಬರಿ. ಬೆಲ್ಟನ್ನ ಒಣ ಬಟ್ಟೇಲಿ ಒರೆಸಿ. ಆಗ್ಲೂ ಜಾರಿದ್ರೆ ಹೊಸದು ಹಾಕಿ. ಇನ್ನೇನಿದೆ? ಓದು!”

ಊಟಕ್ಕೆ ಕರೆದು ಕರೆದು ಅಮ್ಮನ ಗಂಟಲು ಒಣಗಿತು. ಅಷ್ಟರಲ್ಲಿ ಇಪ್ಪತ್ತಮೂರು ಉತ್ತರಗಳಾಗಿದ್ದವು.

ನಾಲ್ಕು ಸಂಜೆ ಇದೇ ಕೆಲಸ. ಬಾಬಿನ್ ಓದುತ್ತಿದ್ದಳು, ಅಪ್ಪ ಬೈಯುತ್ತ ಹೇಳುತ್ತಿದ್ದರು, ಅಕ್ಕ ಅದನ್ನು ಬೈಗುಳ ತೆಗೆದು ಬರೆಯುತ್ತಿದ್ದಳು. ಅಪ್ಪನ ಕೈಯ ಫೋಟೋ ತೆಗೆದು, ನೂಲು ಹೋಗುವ ದಾರಿಗೆ ಬಾಣದ ಗುರುತು ಹಾಕುತ್ತಿದ್ದಳು. “ನನ್ನ ಉಗುರಲ್ಲಿ ಜಿಡ್ಡಿದೆ, ಬೇಡಮ್ಮ” ಎಂದು ಅಪ್ಪ ಕೈ ಎಳೆದುಕೊಂಡರೆ, “ಇರ್ಲಿ ಬಿಡಪ್ಪ, ರಿಪೇರಿಯವರ ಕೈ ಅಂತ ಗೊತ್ತಾಗುತ್ತೆ” ಎಂದು ನಗುತ್ತಿದ್ದಳು. ಅಕ್ಕ ನಕ್ಕಿದ್ದನ್ನು ನೋಡಿ ಬಾಬಿನ್ ಮುಂದಿನ ಪ್ರಶ್ನೆಯನ್ನು ಇನ್ನೂ ಗಟ್ಟಿಯಾಗಿ ಓದುತ್ತಿದ್ದಳು.

ಅರವತ್ತೊಂದೂ ಉತ್ತರಗಳು ಹೋದವು. ಹೆಚ್ಚಿನವರು ಏನೂ ಹೇಳಲಿಲ್ಲ. ತಿಂಗಳುಗಟ್ಟಲೆ ಕಾದು ಮರೆತಿರಬೇಕು. ಏಳು ಜನ ಮಾತ್ರ ಮತ್ತೆ ಬರೆದರು. ಅವರಲ್ಲಿ ನಾಲ್ವರು, ‘ನಮ್ಮ ಕಡೆ ಈ ಸಾಮಾನು ಸಿಗುವುದಿಲ್ಲ, ನೀವೇ ಕಳಿಸುತ್ತೀರಾ?’ ಎಂದು ಕೇಳಿದ್ದರು. ಒಬ್ಬರಿಗೆ ಬೆಲ್ಟ್, ಇಬ್ಬರಿಗೆ ಸೂಜಿ, ಇನ್ನೊಬ್ಬರಿಗೆ ಬಾಬಿನ್ ಕೂರಿಸುವ ಡಬ್ಬಿ. ಅಪ್ಪನ ಡ್ರಾಯರಿನಲ್ಲಿ ಅವೆಲ್ಲ ರಾಶಿ ಬಿದ್ದಿದ್ದವು. ನಾಲ್ಕು ಪಾರ್ಸೆಲ್ ಕಟ್ಟಿ ಅಂಚೆಗೆ ಹಾಕಿದರು.

*

ತಿಂಗಳ ಕೊನೆಯ ದಿನ ಬಂತು. ಅಪ್ಪ ಕೈ ಒರೆಸಿಕೊಳ್ಳುತ್ತ ಒಳಗೆ ಬಂದು ಕೂತರು. ಬಾಬಿನ್ ಬಾಗಿಲ ಸಂದಿಯಲ್ಲಿ ನಿಂತಳು.

“ಬಸ್ ಚಾರ್ಜ್ ಬಂತಾ?”

“ಪಾರ್ಸೆಲ್ ಸಾಮಾನಿನ ದುಡ್ಡಲ್ಲಿ ಒಂದು ವಾರದ್ದು ಬಂತಪ್ಪ,” ಅಂದಳು ಅಕ್ಕ. ಸುಳ್ಳು ಸೇರಿಸಲಿಲ್ಲ. “ತಿಂಗಳದ್ದು ಬರ್ಲಿಲ್ಲ.”

“ಹೂಂ.” ಅಪ್ಪ ಗಡ್ಡ ಕೆರೆದುಕೊಂಡರು. “ಹಾಗಾದ್ರೆ?”

“ಔಷಧಿ ಅಂಗಡಿಯವರ ಹತ್ರ ನಾನೇ ಮಾತಾಡ್ಕೊಂಡು ಬಂದೆ. ಬೆಳಗ್ಗೆಯಿಂದ ಎರಡು ಗಂಟೆವರೆಗೆ ಕೆಲಸ. ಸೋಮವಾರ ಸೇರ್ತೀನಿ.” ಅಕ್ಕ ಕತ್ತೆತ್ತಿ ಅಪ್ಪನನ್ನೇ ನೋಡಿದಳು. “ಆದ್ರೆ ಬ್ಲಾಗ್ ಮುಚ್ಚಲ್ಲ. ಮುಖದ ಹೊಳಪು, ಕಡಲು, ಎಲ್ಲ ತೆಗೆದುಹಾಕ್ತೀನಿ. ಮೆಷಿನ್ ಒಂದೇ ಇರ್ಲಿ. ಮಧ್ಯಾಹ್ನದ ಮೇಲೆ ನಿನ್ನ ಅಂಗಡಿ ಮೇಜಲ್ಲಿ ನಂಗೊಂದು ಮೂಲೆ ಬೇಕು.”

ಅಪ್ಪ ಒಮ್ಮೆ ಅಂಗಡಿಯ ಕಡೆ ನೋಡಿದರು. ಆಮೇಲೆ, “ಎಡಗಡೆ ಮೂಲೆ ತಗೋ. ಬಲಗಡೆ ಎಣ್ಣೆ ಸೋರುತ್ತೆ” ಎಂದು ಎದ್ದು ಹೋದರು.

ಬಾಬಿನ್ ಓಡಿ ಬಂದು ಅಕ್ಕನ ಪಕ್ಕ ಕೂತಳು. “ನಾವು ಸೋತ್ವಾ ಅಕ್ಕಾ? ನನ್ನಿಂದಾನಾ?”

“ಸೋತಿದ್ರೆ ಮೂಲೆ ಯಾಕೆ ಕೇಳ್ತಿದ್ದೆ ಪೆದ್ದಿ?” ಅಕ್ಕ ಅವಳ ತಲೆಗೆ ಮೊಟಕಿದಳು. “ನೀನು ಕ್ಲಿಕ್ ಮಾಡಿಸ್ದೇ ಇದ್ರೂ ಬಸ್ ಚಾರ್ಜ್ ಬರ್ತಿರ್ಲಿಲ್ಲ. ಹೋಗು, ಹೊಸದೊಂದು ಪ್ರಶ್ನೆ ಬಂದಿದೆ. ಅಪ್ಪನ್ನ ಕೇಳು.”

ಅಪ್ಪ ಆಗಲೇ ಯಾರದೋ ಮನೆಗೆ ಮೆಷಿನ್ ಕೊಡಲು ಹೋಗಿಯಾಗಿತ್ತು. ಬಾಬಿನ್ ಪ್ರಶ್ನೆ ಓದಿದಳು. ‘ಅಂಚು ಹೊಲಿಯುವಾಗ ಬಟ್ಟೆ ಮುಂದಕ್ಕೇ ಹೋಗುವುದಿಲ್ಲ. ನಿಂತಲ್ಲೇ ಹೊಲಿಗೆ ಬೀಳುತ್ತದೆ.’ ಬಟ್ಟೆ ತಳ್ಳುವ ಹಲ್ಲುಗಳು ಮೇಲೇಳುತ್ತಿಲ್ಲವೇನೋ ಎಂದು ಅವಳಿಗೊಂದು ಊಹೆ ಬಂತು. ಟೈಪ್ ಮಾಡಲು ಬೆರಳು ಇಟ್ಟಳು.

‘ತಿಳೀದಿದ್ರೆ ಸುಮ್ನಿರ್ಬೇಕಪ್ಪ’ ಎಂದ ಅಪ್ಪನ ಮಾತು ನೆನಪಾಗಿ ಇಟ್ಟ ಬೆರಳು ಹಾಗೇ ನಿಂತಿತು.

ಎಲ್ಲೋ ಒಂದು ಮನೆಯಲ್ಲಿ ಯಾರೋ ಅರ್ಧ ಹೊಲಿದ ಬಟ್ಟೆಯನ್ನು ಮೆಷಿನ್ನಿನಲ್ಲೇ ಬಿಟ್ಟು, ಫೋನ್ ನೋಡುತ್ತ ಕೂತಿದ್ದಾರೆ. ಅವರ ಮುಖ ಬಾಬಿನ್‌ಗೆ ಗೊತ್ತಿಲ್ಲ. ಆದರೂ ಅವರು ಕೂತಿರುವುದು ಕಣ್ಣಿಗೆ ಕಟ್ಟಿದಂತೆ ಕಂಡಿತು.

ಫೋನ್ ಕೆಳಗಿಟ್ಟಳು. ಅಮ್ಮನ ಮೆಷಿನ್ನಿನ ಹತ್ತಿರ ಹೋಗಿ, ಹರಕು ಬಟ್ಟೆಯೊಂದನ್ನು ಮಡಚಿ ಸೂಜಿಯ ಕೆಳಗಿಟ್ಟಳು. ಬಗ್ಗಿ, ಬಟ್ಟೆಯನ್ನು ಮುಂದೆ ತಳ್ಳುವ ಪುಟ್ಟ ಹಲ್ಲುಗಳ ಮೇಲೆ ಕಣ್ಣಿಟ್ಟು, ಕೈಯಿಂದ ಚಕ್ರವನ್ನು ಮೆಲ್ಲಗೆ, ಬಹಳ ಮೆಲ್ಲಗೆ ತಿರುಗಿಸತೊಡಗಿದಳು.