ಚಂದ್ರಫಲಕದ ಕೊನೆಯ ಯಂತ್ರ

ವಾರಿಜಕ್ಕನ ಮನೆಯ ಹಾಲ್‌ನಲ್ಲಿ ಮದುವೆಯ ದಿಬ್ಬಣ ಬಂದು ನಿಂತಿತ್ತು. ಹಾಲ್ ಚಿಕ್ಕದು, ದಿಬ್ಬಣ ದೊಡ್ಡದು. ಹೀಗಾಗಿ ಮದುಮಗನ ಚಿಕ್ಕಪ್ಪ ಅರ್ಧ ಫ್ರಿಜ್ಜಿನ ಒಳಗೂ ಅರ್ಧ ಹೊರಗೂ ನಿಂತು ನಗುತ್ತಿದ್ದರು. ಪನ್ನೀರು ಚಿಮುಕಿಸುತ್ತಿದ್ದ ಹುಡುಗಿಯೊಬ್ಬಳು ಸೋಫಾದ ನಡುವೆಯೇ ನಡೆದುಹೋದಳು. ಮೂರನೆಯ ಮಹಡಿಯ ನಫೀಸಾ ಇದ್ಯಾವುದನ್ನೂ ನೋಡುತ್ತಿರಲಿಲ್ಲ. ಕಿಟಕಿಯ ಹತ್ತಿರ, ಬಿರಿಯಾನಿ ಹಂಡೆಯ ಪಕ್ಕದಲ್ಲಿ ನಿಂತು ಅಡುಗೆಯವನಿಗೆ ಬೈಯುತ್ತಿದ್ದ ತನ್ನ ತಂದೆಯನ್ನೇ ನೋಡುತ್ತಿದ್ದಳು. ಅವರು ತೀರಿಕೊಂಡು ವರ್ಷವಾಗಿತ್ತು.

“ಅಕ್ಕ, ಆ ಬೈದದ್ದು ಇನ್ನೊಮ್ಮೆ ಹಾಕ್ತೀರಾ?”

“ಹಾಕುವ. ನನಗೂ ಆ ಬೈಗುಳ ಬಾಯಿಪಾಠ ಆಗಿದೆ ಮಾರಾಯ್ತಿ,” ಎಂದು ವಾರಿಜಕ್ಕ ಗುಂಡಿ ಒತ್ತಿದರು. ನಫೀಸಾಳ ತಂದೆ ಮತ್ತೆ ಬೈದರು. ನಫೀಸಾ ಮತ್ತೆ ನಕ್ಕಳು, ಮತ್ತೆ ಕಣ್ಣೊರೆಸಿಕೊಂಡಳು.

ಪೂರ್ಣಬಿಂಬ ಫಲಕಗಳ ಕಾಲವನ್ನು ಕಾಣದವರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಹಿಂದಿನ ಕಾಲದ ವಿಡಿಯೊ ತಟ್ಟೆಗಳು ಚಿತ್ರವನ್ನು ಗೋಡೆಯ ಮೇಲಿನ ಪರದೆಗೆ ಕೊಡುತ್ತಿದ್ದವು. ಪೂರ್ಣಬಿಂಬವಾದರೋ ಮನುಷ್ಯರನ್ನೇ ಕೋಣೆಗೆ ತಂದು ನಿಲ್ಲಿಸುತ್ತಿತ್ತು. ಆಳೆತ್ತರದ ಬಿಂಬ, ಸುತ್ತಲೂ ನಡೆದು ಬೆನ್ನಿನ ಕಡೆಯಿಂದಲೂ ನೋಡಬಹುದು, ಮುಟ್ಟಲು ಮಾತ್ರ ಸಿಗದು. ಇಂಥ ಅದ್ಭುತವನ್ನು ಎರಡು ಕಂಪನಿಗಳು ಒಂದೇ ವರ್ಷ ಕಂಡುಹಿಡಿದದ್ದು ಮನುಕುಲದ ದುರದೃಷ್ಟ. ಒಂದು ನೀಲಫಲಕ, ಇನ್ನೊಂದು ಚಂದ್ರಫಲಕ. ನೀಲದ ಯಂತ್ರ ಕೂದಲಿಗಿಂತ ತೆಳ್ಳಗಿನ ಕಿರಣದಿಂದ ಫಲಕವನ್ನು ಓದುತ್ತಿತ್ತು. ಚಂದ್ರದ ಕಿರಣ ದಪ್ಪ. ಫಲಕವನ್ನು ಮೊದಲು ಸ್ವಲ್ಪ ಬಿಸಿ ಮಾಡಿಕೊಂಡು, ಕನ್ನಡಕವಿಲ್ಲದೆ ಪಂಚಾಂಗ ಓದುವ ಅಜ್ಜನ ಹಾಗೆ ನಿಧಾನವಾಗಿ ಓದುತ್ತಿತ್ತು. ಒಂದರ ಫಲಕ ಇನ್ನೊಂದರ ಯಂತ್ರದಲ್ಲಿ ತಿರುಗದಂತೆ ಎರಡೂ ಕಂಪನಿಗಳು ಬಹಳ ಶ್ರಮವಹಿಸಿ ಏರ್ಪಾಡು ಮಾಡಿದ್ದವು.

ಜನರೂ ಎರಡು ಪಕ್ಷವಾದರು. ಹೆಣ್ಣು ನೋಡಲು ಹೋದವರು ಜಾತಕಕ್ಕಿಂತ ಮೊದಲು “ನಿಮ್ಮಲ್ಲಿ ಯಾವುದು, ನೀಲವೋ ಚಂದ್ರವೋ?” ಎಂದು ಕೇಳುತ್ತಿದ್ದರಂತೆ. ಕೊನೆಗೆ ನೀಲ ಗೆದ್ದಿತು. ಅದರ ಚಿತ್ರ ಚೆನ್ನಾಗಿತ್ತೆಂದಲ್ಲ. ಸಿನಿಮಾ ಕಂಪನಿಗಳು ಒಂದರ ಹಿಂದೆ ಒಂದು ಆ ಕಡೆ ವಾಲಿದವು, ಅಷ್ಟೆ. ಗೆದ್ದವರು ಒಂದು ಜಾಣತನ ಮಾಡಿದರು: ಹಳೆಯ ಚಂದ್ರಯಂತ್ರ ತಂದುಕೊಟ್ಟವರಿಗೆ ಹೊಸ ನೀಲಯಂತ್ರ ಉಚಿತ. ಜನ ಮುಗಿಬಿದ್ದು ಕೊಟ್ಟರು. ಹಾಗೆ ಬಂದ ಯಂತ್ರಗಳನ್ನೆಲ್ಲ ಪುಡಿಮಾಡಲಾಯಿತು. ಮನೆಯಲ್ಲಿ ಉಳಿದ ಚಂದ್ರಫಲಕಗಳ ಒಳಗೆ ಮದುವೆಗಳು, ನಾಮಕರಣಗಳು, ತೀರಿಹೋದ ಅಪ್ಪ ಅಮ್ಮಂದಿರು ಇದ್ದಾರೆಂಬುದು ಅವರಿಗೆ ಆಮೇಲೆ ನೆನಪಾಯಿತು. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಿದ್ದರು.

ಮಂಗಳೂರಿನ ಆ ವಸತಿ ಸಮುಚ್ಚಯದಲ್ಲಿ ಯಂತ್ರ ಕೊಡದವರೆಂದರೆ ವಾರಿಜಕ್ಕ ಒಬ್ಬರೇ. ಅದರಲ್ಲಿ ದೂರದೃಷ್ಟಿ ಏನೂ ಇರಲಿಲ್ಲ. ಅವರ ಬಳಿ ಇದ್ದದ್ದು ಒಂದೇ ಫಲಕ, ಅದರಲ್ಲಿ ಅವರ ಅಮ್ಮ ಇದ್ದರು. ಅಮ್ಮನನ್ನು ಕೊಟ್ಟು ಯಂತ್ರ ತರುವುದೆಂದರೇನು?

ವಾರಿಜಕ್ಕ ಮದುವೆಯಾಗಲಿಲ್ಲ. ಬಸ್ ನಿಲ್ದಾಣದ ಧ್ವನಿವರ್ಧಕದಲ್ಲಿ ಉಡುಪಿ, ಕುಂದಾಪುರ, ಭಟ್ಕಳ ಎಂದು ಬಸ್ಸುಗಳನ್ನು ಕೂಗುವುದು ಅವರ ಕೆಲಸವಾಗಿತ್ತು. ಊರಿಗೆಲ್ಲ ಅವರ ದನಿ ಗೊತ್ತು, ಮುಖ ಯಾರಿಗೂ ಗೊತ್ತಿರಲಿಲ್ಲ. ಆ ಕೆಲಸಕ್ಕೆ ಯಂತ್ರ ಬಂದ ಮೇಲೆ ದನಿಯೂ ಮರೆತುಹೋಯಿತು. ಅಮ್ಮ ಹೋದ ಮೇಲೆ ಅವರು ದಿನವಿಡೀ ಮಾತನಾಡದೆ, ಸಂಜೆ ಹಾಲಿನವನಿಗೆ “ಅರ್ಧ ಲೀಟರ್” ಎನ್ನುವಾಗ ತಮ್ಮ ಗಂಟಲಿಗೆ ತಾವೇ ಬೆಚ್ಚುತ್ತಿದ್ದರು.

ನಫೀಸಾ ಒಂದು ದಿನ ಸಂಕೋಚದಿಂದ ಫಲಕ ಹಿಡಿದುಕೊಂಡು ಬಂದಳು. ಅವಳ ಬಾಯಿಂದ ಸುದ್ದಿ ಹರಡಿ ಎರಡನೆಯ ಮಹಡಿಯ ಸೇಸಪ್ಪಣ್ಣ ಬಂದರು. ಅವರು ಹಿಂದೆ ಬಸ್ ಡ್ರೈವರ್. ಈಗ ಕಣ್ಣು ಮಂಜು. ಹೆಂಡತಿಯ ಬಿಂಬದ ತೀರಾ ಹತ್ತಿರ ನಿಂತು ನೋಡುತ್ತಿದ್ದರು. ಆಮೇಲೆ ಸಂಜೆಯಾದರೆ ಸಾಕು, ವಾರಿಜಕ್ಕನ ಬಾಗಿಲಲ್ಲಿ ಚಪ್ಪಲಿಗಳು. ಒಬ್ಬರ ಮದುವೆಗೆ ಇನ್ನೊಬ್ಬರು ಪ್ರೇಕ್ಷಕರಾಗಿ ಚಹಾ ಕುಡಿಯುತ್ತಿದ್ದರು. ವಾರಿಜಕ್ಕ ತಮ್ಮ ಅಮ್ಮನನ್ನು ಮಾತ್ರ ಯಾರಿಗೂ ತೋರಿಸಲಿಲ್ಲ. ಯಾರೂ ಕೇಳಲೂ ಇಲ್ಲ.

ಕೆಲವರು ಫಲಕವನ್ನು ಅಲ್ಲೇ ಬಿಟ್ಟುಹೋಗುತ್ತಿದ್ದರು. ಮರುದಿನ ಡಬ್ಬಿಯಲ್ಲಿಟ್ಟು ಹಿಂದಿರುಗಿಸುವಾಗ ವಾರಿಜಕ್ಕನ ಕೈ ತಾನಾಗಿ ಸಕ್ಕರೆ ಭರಣಿಗೆ ಹೋಗುತ್ತಿತ್ತು. ಬೇರೆಯವರ ಪಾತ್ರೆ ನಮ್ಮ ಮನೆಯಿಂದ ಬರಿದಾಗಿ ಹೋಗಬಾರದು ಎಂದು ಅಮ್ಮ ಕಲಿಸಿದ್ದರು. ಡಬ್ಬಿಯಲ್ಲಿ ಫಲಕವಿತ್ತಲ್ಲ ಎನ್ನಬಹುದು. ಫಲಕ ಅವರದ್ದು, ಈ ಮನೆಯದ್ದು ಅಂತ ಏನಾದರೂ ಬೇಡವೇ? ಒಂದು ಚಿಟಿಕೆ ಸಕ್ಕರೆ ಡಬ್ಬಿಯ ತಳಕ್ಕೆ ಉದುರಿಸಿ, ಮೇಲೆ ಫಲಕವಿಟ್ಟು ಮುಚ್ಚುತ್ತಿದ್ದರು.

ನಾಲ್ಕನೆಯ ಮಹಡಿಯಲ್ಲಿ ಡಾಕ್ಟರ್ ಮೆಲ್ವಿನ್ ಲೋಬೊ ಇದ್ದರು. ಬೆಳಕಿನ ವಿಜ್ಞಾನದಲ್ಲಿ ದೊಡ್ಡ ಹೆಸರು, ವಯಸ್ಸು ನಲವತ್ತರ ಒಳಗೆ, ಮನಸ್ಸು ಅಪ್ಪಟ ಚಿನ್ನ. ಮೆಟ್ಟಿಲು ಇಳಿಯುವಾಗಲೆಲ್ಲ ಆ ಚಪ್ಪಲಿಗಳ ರಾಶಿ ನೋಡಿ ಅವರಿಗೆ ಮರುಕ ಹುಟ್ಟಿತು. ಪಾಪ, ಒಂಟಿ ಹೆಂಗಸು, ಎಷ್ಟು ಜನರ ಕಾಟ! ಯಂತ್ರ ಬೇರೆ ಹಳೆಯದು. ಒಳ್ಳೆಯ ಮನಸ್ಸಿಗೆ ಒಳ್ಳೆಯ ತಲೆಯೂ ಸೇರಿದರೆ ತಡೆಯುವವರು ಯಾರು? ಕೆಲವೇ ತಿಂಗಳಲ್ಲಿ ಅವರು ‘ಸರ್ವವಾಚಿ’ಯನ್ನು ಮಾಡಿದರು. ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನ. ಅದನ್ನು ನೀಲಯಂತ್ರಕ್ಕೆ ಸಿಕ್ಕಿಸಿದರೆ ಅದೇ ತೆಳು ಕಿರಣ ಚಂದ್ರಫಲಕವನ್ನೂ ಓದುತ್ತಿತ್ತು. ಮಾಘ ಮಾಸದ ಒಂದು ಸಂಜೆ ಎಲ್ಲರೂ ಸೇರಿದ್ದಾಗ ಅದನ್ನು ತಂದು ಮನೆಗೊಂದರಂತೆ ಹಂಚಿದರು.

“ವಾರಿಜಕ್ಕ, ಇನ್ನು ನಿಮಗೆ ರಗಳೆಯೇ ಇಲ್ಲ. ಎಲ್ರೂ ಅವರವರ ಮನೆಯಲ್ಲೇ ನೋಡ್ಬಹುದು,” ಎಂದರು ಸಂಭ್ರಮದಿಂದ.

ವಾರಿಜಕ್ಕ ಲೋಟಗಳನ್ನು ಜೋಡಿಸಿದರು. “ಒಳ್ಳೇದಾಯ್ತು ಡಾಕ್ಟ್ರೇ,” ಎಂದರು. “ಚಹಾಕ್ಕೆ ಸಕ್ಕರೆ ಎಷ್ಟು?”

ಮರುದಿನ ಬಾಗಿಲಲ್ಲಿ ಚಪ್ಪಲಿಗಳಿರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಜನ ಕೆಟ್ಟವರೇನಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ನಫೀಸಾ ಕೈ ಹಿಡಿದು ಮಾತನಾಡಿಸುತ್ತಿದ್ದಳು, ಸೇಸಪ್ಪಣ್ಣ ಆರೋಗ್ಯ ವಿಚಾರಿಸುತ್ತಿದ್ದರು. ಆದರೆ ಮನೆಗೆ ಬರಲು ಒಂದು ಕಾರಣ ಬೇಕು, ಅದು ಬೆಂಕಿಪೊಟ್ಟಣದೊಳಗೆ ಹೋಗಿ ಕೂತಿತ್ತು. ಆ ಬೇಸಿಗೆಯಲ್ಲಿ ವಾರಿಜಕ್ಕ ಅಮ್ಮನ ಫಲಕವನ್ನು ಎಷ್ಟು ಸಲ ಹಾಕಿದರೋ ಅವರಿಗೇ ಗೊತ್ತಿಲ್ಲ. ಅಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ಮಲ್ಲಿಗೆ ಕಟ್ಟುತ್ತಾರೆ. ಬಾಳೆನಾರನ್ನು ಹಲ್ಲಿನಲ್ಲಿ ಸೀಳುತ್ತಾರೆ. ಕೊನೆಯಲ್ಲಿ ತಲೆಯೆತ್ತಿ, “ಬಾಗಿಲಲ್ಲಿ ಯಾರೋ ಉಂಟು, ನೋಡು ವಾರಿಜಾ,” ಎನ್ನುತ್ತಾರೆ. ಅಲ್ಲಿಗೆ ಫಲಕ ಮುಗಿಯುತ್ತದೆ.

ಒಂದು ಸಂಜೆ ವಾರಿಜಕ್ಕ ನಿಜವಾಗಿಯೂ ಎದ್ದುಹೋಗಿ ಬಾಗಿಲು ತೆರೆದರು. ಖಾಲಿ ಮೆಟ್ಟಿಲುಗಳನ್ನು ನೋಡಿ, ತಮಗೆ ಬುದ್ಧಿ ಕೆಡುತ್ತಿದೆಯೇನೋ ಎಂದು ಹೆದರಿ ಬಾಗಿಲು ಹಾಕಿಕೊಂಡರು. ಆ ದಿನ ಅವರು ಅತ್ತರು.

ಜೂನ್ ಬಂತು, ಮಳೆ ಹಿಡಿಯಿತು. ಮಳೆ ಶುರುವಾದ ವಾರದಲ್ಲೇ ನಫೀಸಾ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಅಕ್ಕ, ಡಾಕ್ಟ್ರ ಮೆಷಿನ್ನು ಫಲಕ ಖಾಲಿ ಅಂತ ಹೇಳ್ತದೆ. ನಮ್ಮ ತಂದೆ ಹೋದ್ರಾ ಅಂತ ಎದೆ ಡವಡವ ಆಯ್ತು.”

ಚಂದ್ರಯಂತ್ರ ಬಿಸಿಯಾಯಿತು, ಗೊರಗೊರ ಎಂದಿತು, ತಂದೆ ಕಿಟಕಿಯ ಬಳಿ ನಿಂತು ಬೈದರು. ಸೇಸಪ್ಪಣ್ಣನ ಫಲಕಕ್ಕೂ ಅದೇ ಕಥೆ, ಉಳಿದವರಿಗೂ ಅದೇ. ಚಪ್ಪಲಿಗಳು ಮರಳಿದವು, ಒದ್ದೆಯಾಗಿ. ವಾರಿಜಕ್ಕ ಹೊಸ ಚಹಾಪುಡಿ ತಂದರು. ಡಬ್ಬಿಗಳಿಗೆ ಮತ್ತೆ ಸಕ್ಕರೆ ಬಿತ್ತು.

ಡಾಕ್ಟರ್ ಲೋಬೊ ಅವರಿಗೆ ಊಟ ರುಚಿಸದಾಯಿತು. ಸರ್ವವಾಚಿ ಆಗಲೇ ಹಲವು ಊರುಗಳಿಗೆ ಹೋಗಿತ್ತು. ಎಲ್ಲೂ ದೂರಿಲ್ಲ, ತಮ್ಮದೇ ಕಟ್ಟಡದಲ್ಲಿ ಮಾತ್ರ ಸೋಲು! ನಫೀಸಾಳ ಫಲಕವನ್ನು ಕೇಳಿ ತಂದು ಮೇಜಿನ ಮೇಲಿಟ್ಟು, ಕಿರಣದ ಲೆಕ್ಕಗಳನ್ನೆಲ್ಲ ಮೊದಲಿಂದ ಹಾಕಿದರು. ಲೆಕ್ಕ ಸರಿಯಾಗಿತ್ತು. ಮಧ್ಯಾಹ್ನ ಊಟ ಮುಗಿಸಿ ಬಂದಾಗ ಮೇಜಿನ ಮೇಲೆ ಇರುವೆಗಳ ಸಾಲು. ಸಾಲು ನೇರವಾಗಿ ಫಲಕದ ಡಬ್ಬಿಯೊಳಗೆ ಹೋಗುತ್ತಿತ್ತು. ವಿಜ್ಞಾನಿ ಫಲಕವನ್ನು ಎತ್ತಿ, ಅತ್ತಿತ್ತ ನೋಡಿ, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ನಾಲಿಗೆಯ ತುದಿ ತಾಗಿಸಿದರು.

ಸಿಹಿ! ಕೂಡಲೇ ಅವರು ಕೆಳಗಿಳಿದು ಬಂದರು. ವಾರಿಜಕ್ಕ ಒಬ್ಬರೇ ಇದ್ದರು.

“ವಾರಿಜಕ್ಕ, ಡಬ್ಬಿಗೆ ನೀವು ಸಕ್ಕರೆ ಹಾಕ್ತೀರಾ?”

“ಹೌದು. ಬರೀ ಡಬ್ಬಿ ಹೇಗೆ ಕೊಡುದು?”

“ಅದೇ ಸಮಸ್ಯೆ. ಸಕ್ಕರೆಯ ಪಸೆ ಫಲಕಕ್ಕೆ ಹತ್ತಿದೆ. ಬೇಸಿಗೆಯಲ್ಲಿ ಅದು ಒಣಗಿ ಗಾಜಿನ ಹಾಗೆ ಇರ್ತದೆ, ಕಿರಣ ಸಲೀಸಾಗಿ ದಾಟ್ತದೆ. ಮಳೆಗಾಲದಲ್ಲಿ ನೀರು ಹೀರಿ ಪಾಕ ಆಗ್ತದೆ. ನನ್ನ ತೆಳು ಕಿರಣ ಆ ಪಾಕದಲ್ಲಿ ದಾರಿ ತಪ್ತದೆ. ನಿಮ್ಮ ಯಂತ್ರದ್ದು ದಪ್ಪ ಕಿರಣ, ಫಲಕವನ್ನು ಬಿಸಿ ಬೇರೆ ಮಾಡ್ತದೆ. ಅದಕ್ಕೆ ಪಾಕ ಲೆಕ್ಕಕ್ಕೇ ಇಲ್ಲ.”

ವಾರಿಜಕ್ಕನ ಮುಖ ಬಾಡಿತು. “ಹಾಗಾದ್ರೆ ಎಲ್ಲರ ಫಲಕ ಹಾಳು ಮಾಡಿದ್ದು ನಾನಾ?”

“ಹಾಳಾಗ್ಲಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ತೊಳೆದ್ರೆ ಮುಗೀತು.”

ಮುಗಿಯಿತು ಎಂಬ ಮಾತು ಕೋಣೆಯಲ್ಲಿ ಉಳಿಯಿತು. ಅಲ್ಲಿ ಜೋಡಿಸಿಟ್ಟಿದ್ದ ಚಹಾಲೋಟಗಳು ಆಗ ಡಾಕ್ಟರ ಕಣ್ಣಿಗೆ ಬಿದ್ದವು. ಒಬ್ಬರ ಮನೆಯಲ್ಲಿ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು ಲೋಟಗಳು. ಅವರು ದಡ್ಡರಲ್ಲ. ತಾವು ಸರ್ವವಾಚಿ ಹಂಚಿ ಏನು ಮಾಡಿದೆವೆಂದು ಈಗ ತಿಳಿಯಿತು.

“ಅಕ್ಕ, ನಾನು ಯಾರಿಗೂ ಹೇಳುದಿಲ್ಲ. ನನ್ನ ಸಾಧನ ಮಳೆಗಾಲಕ್ಕೆ ಆಗುದಿಲ್ಲ ಅಂತ ಇರ್ಲಿ ಬಿಡಿ.”

ವಾರಿಜಕ್ಕನಿಗೆ ಆಸೆಯಾಗಲಿಲ್ಲವೆಂದರೆ ಸುಳ್ಳಾದೀತು. ತುಂಬ ಆಸೆಯಾಯಿತು. ಸುಮ್ಮನಿದ್ದರೆ ಸಾಕಿತ್ತು, ಸಂಜೆಗಳು ಉಳಿಯುತ್ತಿದ್ದವು. ಆದರೆ ಎದೆ ಡವಡವ ಎಂದಿತ್ತು ಎಂದು ನಫೀಸಾ ಹೇಳಿದ್ದು ಕಿವಿಯಲ್ಲಿತ್ತು.

“ಬೇಡ ಡಾಕ್ಟ್ರೇ. ಅವರ ಅಪ್ಪ ಅಮ್ಮನನ್ನು ನಾನು ಹಿಡಿದಿಟ್ಟುಕೊಂಡ ಹಾಗೆ ಆಗ್ತದೆ. ತೊಳೆದು ಕೊಡುವ. ಒಂದು ಮಾತು... ಸಕ್ಕರೆ ಅಂತ ಮಾತ್ರ ಹೇಳ್ಬೇಡಿ. ನನಗೆ ನಾಚಿಕೆ.”

ಮಳೆಗಾಲದ ಬೂಸಲು ಹಿಡಿದಿದೆ ಎಂದು ಡಾಕ್ಟರು ಎಲ್ಲರಿಗೂ ಹೇಳಿದರು. ಭಾನುವಾರ ಫಲಕಗಳೆಲ್ಲ ಬಂದವು. ವಾರಿಜಕ್ಕ ತಪ್ಪಲೆಯಲ್ಲಿ ನೀರು ಬೆಚ್ಚಗೆ ಮಾಡಿ, ಮಗುವಿನ ಮೈ ತೊಳೆಯುವಂತೆ ಒಂದೊಂದನ್ನೇ ತೊಳೆದರು. ಡಾಕ್ಟರು ಮೆತ್ತಗಿನ ಬಟ್ಟೆಯಲ್ಲಿ ಒರೆಸಿದರು. ಡಬ್ಬಿಗಳನ್ನೂ ತೊಳೆದಾಯಿತು. ಮುಚ್ಚುವಾಗ ವಾರಿಜಕ್ಕನ ಕೈ ಅಭ್ಯಾಸಬಲದಿಂದ ಭರಣಿಯತ್ತ ಹೋಗಿ, ಅರ್ಧದಲ್ಲೇ ನಿಂತು, ಹಿಂದೆ ಬಂತು. ಆ ಮನೆಯಿಂದ ಮೊದಲ ಸಲ ಡಬ್ಬಿಗಳು ಬರಿದಾಗಿ ಹೋದವು.

ಸರ್ವವಾಚಿ ಎಲ್ಲವನ್ನೂ ಓದಿತು, ಮಳೆಯ ನಡುವೆಯೂ. ಡಾಕ್ಟರ್ ಲೋಬೊ ಗೆದ್ದರು, ಆದರೆ ಆ ಗೆಲುವು ಅವರಿಗೆ ಸಪ್ಪೆಯೆನಿಸಿತು.

ಮರುದಿನ ಸಂಜೆ ವಾರಿಜಕ್ಕ ಅಮ್ಮನ ಫಲಕವನ್ನು ಕೈಗೆತ್ತಿಕೊಂಡು ಕೂತಿದ್ದರು. ಹಾಕುವ ಧೈರ್ಯವಾಗಲಿಲ್ಲ. ಆಗ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ನಫೀಸಾ, ಕೈಯಲ್ಲಿ ಅದೇ ಡಬ್ಬಿ.

“ಓದ್ಲಿಲ್ವಾ?” ಎಂದರು ವಾರಿಜಕ್ಕ ಗಾಬರಿಯಿಂದ.

“ಓದ್ತದೆ. ಅದಲ್ಲ ಅಕ್ಕ. ಡಬ್ಬಿ ಬರಿದು ಬಂತು.” ನಫೀಸಾ ಡಬ್ಬಿಯನ್ನು ಎದೆಗೊತ್ತಿಕೊಂಡಳು. “ನೀವು ಯಾವತ್ತೂ ಹಾಗೆ ಕಳಿಸಿದ್ದಿಲ್ಲ. ನನ್ನಿಂದ ಎಂತ ತಪ್ಪಾಯ್ತು? ಬೇಸಿಗೆಯಲ್ಲಿ ಬರ್ಲಿಲ್ಲ ಅಂತ ಬೇಜಾರಾ?”

ವಾರಿಜಕ್ಕ ಅವಳ ಕೈ ಹಿಡಿದು ಒಳಗೆ ಕರೆದರು. ಅಷ್ಟರಲ್ಲಿ ಸೇಸಪ್ಪಣ್ಣ ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದು ಬಂದರು. “ವಾರಿಜಕ್ಕ ಹುಷಾರಿದ್ದಾರಾ? ಸಕ್ಕರೆ ಇಲ್ಲದ ಡಬ್ಬಿ ಬಂತು. ಎಂತದೋ ಆಗಿದೆ ಅಂತ ನನಗೆ ಮಧ್ಯಾಹ್ನದಿಂದ ಸಮಾಧಾನ ಇಲ್ಲ,” ಎಂದರು. ಅವರ ಹಿಂದೆ ಉಳಿದವರು. ಯಾರ ಕೈಯಲ್ಲೂ ಫಲಕವಿರಲಿಲ್ಲ. ನಫೀಸಾಳ ಡಬ್ಬಿಯಲ್ಲಿ ಬಿಸಿ ಪತ್ತಿರಿ ರೊಟ್ಟಿ ಇತ್ತು, ಸೇಸಪ್ಪಣ್ಣನದರಲ್ಲಿ ಹಲಸಿನ ಹಪ್ಪಳ. ಬರಿದಾದ ಡಬ್ಬಿಯನ್ನು ಬರಿದಾಗಿಯೇ ಹಿಂದೆ ತರಲು ಅವರಿಗೂ ಮನಸ್ಸಾಗಿರಲಿಲ್ಲ.

ಗದ್ದಲ ಕೇಳಿ ಇಳಿದುಬಂದ ಡಾಕ್ಟರ್ ಲೋಬೊ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಇದು ಅವರ ಯಾವ ಲೆಕ್ಕದಲ್ಲೂ ಇರಲಿಲ್ಲ.

“ಕೂತ್ಕೊಳ್ಳಿ, ಎಲ್ರೂ ಕೂತ್ಕೊಳ್ಳಿ,” ಎಂದು ವಾರಿಜಕ್ಕ ಲೋಟ ಹುಡುಕತೊಡಗಿದರು. ಕಣ್ಣೀರಿನಲ್ಲಿ ಲೋಟ ಕಾಣುತ್ತಿರಲಿಲ್ಲ. ನಫೀಸಾ ಕುರ್ಚಿಯ ಮೇಲಿದ್ದ ಫಲಕವನ್ನು ಎತ್ತಿಕೊಂಡಳು.

“ಇದು ಯಾರದ್ದು ಅಕ್ಕ?”

“ನಮ್ಮ ಅಮ್ಮಂದು.”

“ನಾವು ನೋಡಿಯೇ ಇಲ್ವಲ್ಲ. ಹಾಕಿ.”

ಹಳೆಯ ಯಂತ್ರ ನಿಧಾನವಾಗಿ ಬಿಸಿಯಾಯಿತು. ತುಂಬಿದ ಹಾಲ್‌ನ ನಡುವೆ, ಅಷ್ಟು ಜನರ ಕಾಲುಗಳ ಮಧ್ಯೆ, ಮುದುಕಿಯೊಬ್ಬರು ಕಾಲು ಚಾಚಿ ಕೂತು ಮಲ್ಲಿಗೆ ಕಟ್ಟಿದರು. ಕೊನೆಯಲ್ಲಿ ಅವರು ತಲೆಯೆತ್ತಿದರು.

“ಬಾಗಿಲಲ್ಲಿ ಯಾರೋ ಉಂಟು, ನೋಡು ವಾರಿಜಾ.”

ಕಣ್ಣು ಮಂಜಾದ ಸೇಸಪ್ಪಣ್ಣ ದನಿ ಬಂದ ಕಡೆಗೆ ಬಾಗಿ, ಗೌರವದಿಂದ ಉತ್ತರ ಕೊಟ್ಟರು.

“ನಾವೇ ಅಮ್ಮ. ಒಳಗೆ ಬಂದಾಯ್ತು.”